ಅಮ್ಮಂದಿರನ್ನು ಮಾತಾಡಿಸುವ ಮುನಿಶಾಮಮ್ಮ

ಬೆಳಕು ಹರಿಯುವ ಹೊತ್ತಿಗೆ ಬೆಂಗಳೂರಿನ ಆರ್.ಟಿ. ನಗರದ ಒಂದು ಸಂದಿಯಲ್ಲಿ ಮುನಿಶಾಮಮ್ಮ ಅಂಗನವಾಡಿಯ ಬಾಗಿಲು ತೆಗೆಯುತ್ತಾರೆ. ಕಸ ಗುಡಿಸಿ, ನೀರು ಹಿಡಿದು, ಬೇಳೆ ನೆನೆಹಾಕಿ ಮಕ್ಕಳನ್ನು ಕರೆತರಲು ಹೊರಡುತ್ತಾರೆ. ಇಲ್ಲಿ ಸಹಾಯಕಿಯಾಗಿ ಹದಿನೆಂಟು ವರ್ಷ ಕಳೆದಿವೆ. ಇಪ್ಪತ್ತೆರಡು ಮಕ್ಕಳ ಮೂಗು ಒರೆಸುವ ಈಕೆಯ ಹೆಸರು ಓಣಿಯಲ್ಲಿ ಅನೇಕರಿಗೆ ಗೊತ್ತಿಲ್ಲ. ಎಲ್ಲರಿಗೂ ಅವರು ಬರೀ ‘ಆಯಮ್ಮ’.

ಬೇರೆ ಮನೆಗಳಲ್ಲಿ ಹೊಸ್ತಿಲಲ್ಲೇ ಮಗುವನ್ನು ಎತ್ತಿಕೊಳ್ಳುವ ಮುನಿಶಾಮಮ್ಮ, ಫರ್ಹೀನ್ ಮನೆಯಲ್ಲಿ ಮಾತ್ರ ಒಳಗೆ ಹೋಗಿ ಕೂರುತ್ತಾರೆ. ಫರ್ಹೀನಳ ಗಂಡ ಮೆಹಬೂಬ್ ಪಾಷಾ ಆಟೊ ಉರುಳಿ ಕಾಲು ಮುರಿದುಕೊಂಡು ಮಲಗಿದ್ದಾರೆ. ಆಕೆ ಸೀರೆಗೆ ಕುಚ್ಚು ಕಟ್ಟಿ ಸಂಸಾರ ತೂಗಿಸುತ್ತಾಳೆ. ಮಗ ಜೀಷಾನನಿಗೆ ಮೂರು ತುಂಬಿದರೂ ಮಾತು ಬಂದಿರಲಿಲ್ಲ. ಪರೀಕ್ಷಿಸಿದ ಡಾಕ್ಟರು ಕಿವಿ ಸರಿಯಿದೆ, ಮಗುವನ್ನು ಹೆಚ್ಚು ಮಾತಾಡಿಸಿ ಎಂದಿದ್ದರು. ಚಿಂತೆ ಹೊಕ್ಕ ಮನೆಯಲ್ಲಿ ಮಾತಾಡುವವರು ಯಾರು?

ಮುನಿಶಾಮಮ್ಮನೂ ಒಂದು ಎಡವಟ್ಟು ಮಾಡಿದ್ದರು. “ನಾಳೆ ಸ್ಕೂಲಿಗೆ ಸೇರಿದ್ರೆ ಮಗೀಗೆ ಕಷ್ಟ ಆಗ್ತದೆ, ಮನೇಲೂ ಕನ್ನಡದಾಗೇ ಮಾತಾಡ್ಸು ಅಂತ ನಾನೇ ಏಳಿದ್ದೆ” ಎನ್ನುತ್ತಾರೆ. ಮನೆಯಲ್ಲಿ ದಖನಿ ಉರ್ದು ಆಡುವ ಫರ್ಹೀನಳ ಕನ್ನಡ ಅಂಗಡಿ ವ್ಯವಹಾರಕ್ಕೆ ಸಾಕು, ಮುದ್ದು ಮಾಡುವುದಕ್ಕಲ್ಲ. ಮೊದಲೇ ಬಳಲಿದ್ದ ಆಕೆ ಇದ್ದಬದ್ದ ಮಾತನ್ನೂ ನಿಲ್ಲಿಸಿಬಿಟ್ಟಳು. ಒಂದು ಬೆಳಿಗ್ಗೆ ಮೂಕಿಯಂತೆ ಮಗನ ತಲೆ ಬಾಚುತ್ತಿದ್ದವಳನ್ನು ಮುನಿಶಾಮಮ್ಮ ಕಾರಣ ಕೇಳಿದರು. “ತಪ್ಪು ತಪ್ಪು ಬರುತ್ತೆ ಆಯಮ್ಮ, ಅದಕ್ಕೇ ಸುಮ್ನಿದೀನಿ” ಎಂದಳು.

ಮುನಿಶಾಮಮ್ಮ ಚಪ್ಪಲಿ ಕಳಚಿ ಒಳಗೆ ಬಂದರು. “ನಿಮ್ ಮಾತಲ್ಲೇ ಆಡಮ್ಮ, ನಂದೇ ತಪ್ಪು” ಎಂದು ಅಲ್ಲೇ ಕೂತರು. ಅಂದಿನಿಂದ ದಿನವೂ ಸ್ವಲ್ಪ ಹೊತ್ತು ದಾರ ಬಿಡಿಸಿಕೊಡುತ್ತಾ ಕೂರುತ್ತಾರೆ. ಫರ್ಹೀನ್ ಗಂಡನ ಕಾಲು, ಮನೆಯ ತಾಪತ್ರಯ ಎಲ್ಲ ಹೇಳಿಕೊಂಡು ಅಳುತ್ತಾಳೆ, ಕೆಲವೊಮ್ಮೆ ನಗುತ್ತಾಳೆ. ಮನಸ್ಸು ಹಗುರಾದ ಮೇಲೆ ಮಗನತ್ತ ತಿರುಗಿ ತನ್ನ ಮಾತಿನಲ್ಲೇ ದಾರದ ಬಣ್ಣಗಳನ್ನು ಹೇಳಿಕೊಡುತ್ತಾಳೆ.

“ತಾಯಿ ಎದೆ ಬಿಗಿ ಇಡ್ಕೊಂಡ್ರೆ ಮಗೀಗೆ ಮಾತು ಎಲ್ಲಿಂದ ಬರ್ತದೆ?” ಎನ್ನುವುದು ಮುನಿಶಾಮಮ್ಮನ ಪ್ರಶ್ನೆ. ಎಲ್ಲ ಮಕ್ಕಳಿಗೂ ಇದೇ ಮದ್ದು ಎಂದು ಅವರು ಹೇಳುವುದಿಲ್ಲ. ಜೀಷಾನನನ್ನು ಈಗಲೂ ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಿಸುತ್ತಾರೆ.

ಕಳೆದ ವಾರ ಎಂದಿನಂತೆ ಮುನಿಶಾಮಮ್ಮ ಎತ್ತಿಕೊಳ್ಳಲು ಬಗ್ಗಿದಾಗ ಜೀಷಾನ್ ಅಮ್ಮನ ಸೆರಗು ಹಿಡಿದುಕೊಂಡು “ನಕ್ಕೋ” ಎಂದ. ಅವನ ಬಾಯಿಂದ ಬಂದ ಮೊದಲ ಮಾತದು; ದಖನಿಯಲ್ಲಿ ಹಾಗೆಂದರೆ ‘ಬೇಡ’. ಫರ್ಹೀನಳ ಕೈಯಲ್ಲಿದ್ದ ಕುಚ್ಚು ಕೆಳಗೆ ಬಿತ್ತು.

“ನನ್ ಜೊತೆ ಬರಕ್ಕಿಲ್ಲ ಅಂದ” ಎಂದು ಮುನಿಶಾಮಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. “ದಿನಾ ಅನ್ಲಿ ಬುಡಿ, ನಾನು ದಿನಾ ಕರೆಯಕ್ಕೆ ಓಯ್ತೀನಿ.”