ಒಂದು ತೊಟ್ಟು ಎಣ್ಣೆ

ಆಸ್ಪತ್ರೆಯ ಲ್ಯಾಬಿನಲ್ಲಿ ಅವನಿಗೆ ‘ಹದ್ದಿನ ಕಣ್ಣು’ ಎಂದೇ ಅಡ್ಡಹೆಸರು. ಬೇರೆಯವರು ಚಿತ್ರ ನಿಚ್ಚಳವಾಗಲೆಂದು ಸ್ಲೈಡಿನ ಮೇಲೆ ಒಂದು ತೊಟ್ಟು ಎಣ್ಣೆ ಬಿಟ್ಟು, ಸೂಕ್ಷ್ಮದರ್ಶಕದ ದೊಡ್ಡ ಲೆನ್ಸ್ ಇಳಿಸಿ ತಿಣುಕಾಡುತ್ತಿದ್ದರೆ, ಇವನು ಸಣ್ಣ ಲೆನ್ಸಿನಲ್ಲೇ ನೋಡಿ ಹೇಳಿಬಿಡುತ್ತಿದ್ದ. “ಎಣ್ಣೆಯೆಲ್ಲ ನಿಮ್ಮಂಥವರಿಗೆ ಕಣ್ರೋ” ಎಂದು ಜಂಬ ಬೇರೆ! ಅಹಂಕಾರಕ್ಕೆ ಉದಾಸೀನವೇ ಮದ್ದು ಅನ್ನುತ್ತಾರೆ. ಇವನಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಬಟ್ಟೆ ಹೊಲಿಯುವ ಅವನ ಸ್ವಂತ ಅಕ್ಕ, ಎಡಗಣ್ಣು ಕೆಂಡದಂತಾಗಿ ಆಸ್ಪತ್ರೆಗೆ ಬಂದ ದಿನವೂ ಹಾಗೆಯೇ ಆಯಿತು. ಕಣ್ಣಿನ ಡಾಕ್ಟರು ಆ ಕಣ್ಣಿನ ಹುಣ್ಣಿನಿಂದ ಕೆರೆದು ಕಳಿಸಿದ್ದಕ್ಕೆ ಇವನು ಬಣ್ಣ ಹಾಕಿ, ಸಣ್ಣ ಲೆನ್ಸಿನಲ್ಲೇ ನೋಡಿದ. ನೇರಳೆ ಬಣ್ಣದ ದುಂಡು ಚುಕ್ಕೆಗಳು. ಬ್ಯಾಕ್ಟೀರಿಯಾ ಎಂದು ಬರೆದುಕೊಟ್ಟ.

ಐದು ದಿನ ಹನಿ ಹಾಕಿದರೂ ನೋವು ಜಗ್ಗಲಿಲ್ಲ. ಆರನೆಯ ದಿನ ಅದೇ ಸ್ಲೈಡಿಗೆ ಎಣ್ಣೆ ಬಿಟ್ಟು ನೋಡಿದ. ಚುಕ್ಕೆಗಳು ಬ್ಯಾಕ್ಟೀರಿಯಾಕ್ಕಿಂತ ನಾಲ್ಕೈದು ಪಟ್ಟು ದೊಡ್ಡವು, ಪಕ್ಕದಲ್ಲಿ ಮೊಗ್ಗಿನಂತೆ ಮರಿಗಳು. ಶಿಲೀಂಧ್ರದ ಜಾತಿಯ ಯೀಸ್ಟ್!

ಎರಡೂ ಜೀವಕೋಶಗಳೇ. ಎರಡಕ್ಕೂ ಹೊರಗೋಡೆಯುಂಟು, ಡಿಎನ್‌ಎ ಉಂಟು, ಪ್ರೋಟೀನು ಹೆಣೆಯುವ ರೈಬೋಸೋಮುಗಳುಂಟು. ಆ ಬಣ್ಣವನ್ನೂ ಒಂದೇ ಥರ ಹಿಡಿಯುತ್ತವೆ. ಆದರೆ ಪ್ರೊಕ್ಯಾರಿಯೋಟ್ ಎನಿಸಿಕೊಂಡ ಬ್ಯಾಕ್ಟೀರಿಯಾದ್ದು ಒಂದೇ ಕೋಣೆಯ ಮನೆ. ಡಿಎನ್‌ಎ ನಡುಮನೆಯಲ್ಲೇ ಬಿದ್ದಿರುತ್ತದೆ. ಯೀಸ್ಟು ನಮ್ಮ ಕೋಶಗಳ ಹಾಗೆ ಯೂಕ್ಯಾರಿಯೋಟ್; ಒಳಗೆ ಹಲವು ಕೋಣೆ, ಡಿಎನ್‌ಎ ಕೋಶಕೇಂದ್ರದಲ್ಲಿ ಭದ್ರ. ಅದರ ಗೋಡೆಯ ಗಾರೆಯೂ ಬೇರೆ, ಹಾಗಾಗಿ ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಔಷಧ ಅದನ್ನು ಏನೂ ಮಾಡದು. ಇದನ್ನೆಲ್ಲ ಕಲಿಯಲು ಬಂದವರಿಗೆ ವರ್ಷಾವರ್ಷ ಹೇಳಿಕೊಟ್ಟವನೇ ಅವನು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಹೊಸ ವರದಿ ಕೊಟ್ಟ, ಡಾಕ್ಟರು ಔಷಧ ಬದಲಿಸಿದರು. ಅಷ್ಟರಲ್ಲಿ ಆ ಕಣ್ಣಿನ ದೃಷ್ಟಿ ಹೋಗಿತ್ತು. ತಪ್ಪು ತನ್ನದೆಂದು ಅಕ್ಕನಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ. “ರೋಗ ಕಂಡುಹಿಡಿದಿದ್ದು ನನ್ನ ತಮ್ಮನೇ ಕಣ್ರೀ! ಅವನಿಲ್ದೇ ಇದ್ರೆ ನನ್ನ ಗತಿ ಏನಾಗ್ತಿತ್ತೋ” ಎಂದು ಅವಳು ಬಟ್ಟೆ ತಂದವರಿಗೆಲ್ಲ ಹೇಳುವಳು. ಇವನು ತಲೆ ತಗ್ಗಿಸುವನು. ಅದನ್ನೂ ಜನ ವಿನಯ ಅಂದುಕೊಂಡರು, ಕರ್ಮ!

ಆರು ವರ್ಷದ ಮೇಲೆ ಒಂದು ಮಧ್ಯಾಹ್ನ, ತಡೆಯಲಾರದೆ ಬಾಯಿಬಿಟ್ಟ. “ಅಕ್ಕಾ, ಮೊದಲು ತಪ್ಪು ಬರೆದವನೂ ನಾನೇ. ಒಂದು ತೊಟ್ಟು ಎಣ್ಣೆ ಹಾಕಿ ನೋಡಿದ್ರೆ ನಿನ್ನ ಕಣ್ಣು ಉಳೀತಿತ್ತೇನೋ.”

ಹೊಲಿಗೆಯಂತ್ರ ನಿಂತಿತು. ಅಕ್ಕ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು.

“ಅವತ್ತೇ ಹೇಳಿದ್ರೆ ಬೈದು, ಅತ್ತು, ಸುಮ್ಮನಾಗ್ತಿದ್ದೆ ಕಣೋ. ಆರು ವರ್ಷ ಊರಿಗೆಲ್ಲ ನಿನ್ನ ಹೊಗಳಿದೆನಲ್ಲ, ಒಂದು ದಿನವಾದ್ರೂ ‘ಸಾಕು ಬಾಯಿ ಮುಚ್ಚಕ್ಕಾ’ ಅನ್ನಬಾರದಿತ್ತಾ?”

ಈಗಲೂ ಅವಳು ಬಟ್ಟೆ ತಂದವರೊಡನೆ ಎಂದಿನಂತೆ ಹರಟುತ್ತಾಳೆ. ತಮ್ಮನ ಸುದ್ದಿ ಮಾತ್ರ ಎತ್ತುವುದಿಲ್ಲ.