ಏಳನೇ ನಂಬರಿನ ಕಿಟಕಿ

ಜಗದಾಂಬಾ ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದುದು ಕಿಟಕಿ. ಸೋಫಾ, ಟೀವಿ, ದೇವರ ಮನೆ ಎಲ್ಲ ಆಮೇಲೆ. ಇದು ಕಸುಬು ಹಚ್ಚಿದ ಚಾಳಿ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಮೂವತ್ತಾರು ವರ್ಷ ಹೆಂಗಸರ ಬಟ್ಟೆ ಹೊಲಿದವಳು ಅವಳು. ಬೆಳಕು ಎಡಗಡೆಯಿಂದ ಬೀಳಬೇಕು. ರಸ್ತೆಯಲ್ಲಿ ಹೋಗುವವರು ತನಗೆ ಕಾಣಬೇಕು, ಅವರಿಗೂ ತನ್ನ ಮಿಷನ್ ಕಾಣಬೇಕು. ಒಂದು ಬೋರ್ಡನ್ನೂ ಬರೆಸದೆ ಅವಳು ಗಿರಾಕಿ ಹಿಡಿದದ್ದು ಆ ಕಿಟಕಿಯಿಂದಲೇ.

ಕ್ವಾರ್ಟರ್ಸಿನಲ್ಲಿ ಎಲ್ಲ ಭಾಷೆಯ ಜನ. ಒಬ್ಬಳು ತಮಿಳಿನಲ್ಲಿ 'ಕೊಂಜಂ ಲೂಸಾ ವೈಂಗಮ್ಮ', ಸ್ವಲ್ಪ ಸಡಿಲ ಇಡಿ ಅಂದರೆ, ಇನ್ನೊಬ್ಬಳು ತೆಲುಗಿನಲ್ಲಿ ತೋಳು ಉದ್ದ ಬೇಕೆನ್ನುವಳು. ಜಗದಾಂಬಾ ಯಾವ ಭಾಷೆಯನ್ನೂ ಪೂರ್ತಿ ಕಲಿಯಲಿಲ್ಲ. ತೋಳು, ಕೊರಳು, ಸೊಂಟ, ಇಷ್ಟು ಎಲ್ಲದರಲ್ಲೂ ಬರುತ್ತಿತ್ತು. ಗಂಡ ಪರಮೇಶ್ವರಪ್ಪ ಫೌಂಡ್ರಿಯಲ್ಲಿ ಕೆಲಸಕ್ಕಿದ್ದರು. ಸಂಬಳದಲ್ಲಿ ಮನೆ ನಡೆಯುತ್ತಿತ್ತು, ಹೊಲಿಗೆಯ ದುಡ್ಡನ್ನು ಅವಳು ಮುಟ್ಟುತ್ತಿರಲಿಲ್ಲ. ಆ ದುಡ್ಡಿನಲ್ಲೇ ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಒಂದು ಸೈಟು ಆಯಿತು. ರಿಜಿಸ್ಟ್ರೇಷನ್ ದಿನ ಪರಮೇಶ್ವರಪ್ಪ, "ಮಿಷನ್ ತುಳಿದಿದ್ದು ನೀನು, ನಿನ್ನ ಹೆಸರಲ್ಲೇ ಇರ್ಲಿ" ಅಂದಿದ್ದರು. ಹೆಚ್ಚು ಮಾತಿನ ಮನುಷ್ಯ ಅಲ್ಲ. ಒಂಬತ್ತು ವರ್ಷದ ಹಿಂದೆ ಹೋದಾಗಲೂ ಹೆಚ್ಚು ಮಾತಾಡದೆ ಹೋದರು.

ಕ್ವಾರ್ಟರ್ಸಿನ ಗುತ್ತಿಗೆ ಮುಗಿಯುತ್ತ ಬಂದಾಗ ಮನೆಯ ಮಾತು ಎದ್ದಿತು. ಮಗ ಮಲ್ಲೇಶ್ ಶಿವಮೊಗ್ಗದಲ್ಲಿ ಕಾರು ಮಾರುವ ಷೋರೂಮಿನಲ್ಲಿದ್ದ, ಸೊಸೆ ರಶ್ಮಿ ಅಲ್ಲೇ ಒಂದು ಶಾಲೆಯಲ್ಲಿ ಟೀಚರ್. ದಿನಾ ಭದ್ರಾವತಿಯಿಂದ ಓಡಾಡಿ ಇಬ್ಬರೂ ಹಣ್ಣಾಗಿದ್ದರು. ಸೈಟಿನಲ್ಲಿ ಮನೆ ಕಟ್ಟಿಸುವುದೆಂದರೆ ಗಾರೆಯವರ ಹಿಂದೆ ನಿಲ್ಲುವವರು ಯಾರು ಎಂದು ಮಲ್ಲೇಶ್ ಕೇಳಿದ. ಸೈಟು ಮಾರಿ ಕಟ್ಟಿದ ಮನೆಯನ್ನೇ ಕೊಳ್ಳುವುದೆಂದು ತೀರ್ಮಾನವಾಯಿತು. ಜಗದಾಂಬಾ ಒಂದೇ ಒಂದು ಬೇಡಿಕೆ ಇಟ್ಟಳು.

"ಕೆಳಗಡೆ ನಂಗೊಂದು ರೂಮಿರ್ಲಿ ಕಣೋ. ರಸ್ತೆ ಕಡೆ ಕಿಟಕಿ ಇದ್ರೆ ಸಾಕು. ಮಿಷನ್ ಹಾಕ್ಕೊಳ್ತೀನಿ."

"ಅದೇನು ದೊಡ್ಡ ವಿಷ್ಯ ಅಮ್ಮ. ಮನೆ ನಿಂದೇ ಅಲ್ವಾ" ಅಂದ ಮಲ್ಲೇಶ್. ಹಾಗೆ ಅಂದದ್ದಂತೂ ನಿಜ.

ಶಿವಮೊಗ್ಗದಲ್ಲಿ ಗೋಪಾಳದಿಂದ ಸ್ವಲ್ಪ ಆಚೆ ಹೊಸದಾಗಿ ರೋ ಹೌಸ್ ಕಟ್ಟಿದ್ದರು. ಒಂದು ರಸ್ತೆ, ಎರಡೂ ಕಡೆ ಒಂದರ ಗೋಡೆಗೆ ಒಂದು ಅಂಟಿಕೊಂಡ ಹತ್ತು ಹತ್ತು ಮನೆ. ತ್ಯಾವರೆಕೊಪ್ಪದ ಹುಲಿ ಸಿಂಹದ ಸಫಾರಿ ಇಲ್ಲಿಂದ ಎಷ್ಟು ನಿಮಿಷ ಎಂದು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿದ್ದರು. ಹುಲಿ ಹತ್ತಿರ ಇದ್ದರೆ ಮನೆಗೆ ಬೆಲೆ ಜಾಸ್ತಿ ಆಗುವ ಕಾಲ ಇದು. ತೋರಿಸಲು ಬಂದ ಸುಘೋಷ ಎಂಬ ಹುಡುಗ ಕಂಪನಿಯ ನೌಕರ, ಇಸ್ತ್ರಿ ಮಾಡಿದ ಶರ್ಟು, ಇಸ್ತ್ರಿ ಮಾಡಿದಂಥ ಮಾತು.

ರಸ್ತೆಯ ಉತ್ತರದ ಸಾಲಿನವೆಲ್ಲ ಒಂದು ಥರ. ಮುಂಬಾಗಿಲು ದಕ್ಷಿಣಕ್ಕೆ, ಹಾಲು ಚಿಕ್ಕದು, ಕೆಳಗೇ ಒಂದು ರೂಮು, ಅದಕ್ಕೇ ಅಂಟಿದ ಬಚ್ಚಲು. ಎದುರು ಸಾಲಿನವು ಇನ್ನೊಂದು ಥರ. ಬಾಗಿಲು ಉತ್ತರಕ್ಕೆ, ಕೆಳಗೆ ರೂಮಿಲ್ಲ, ಎರಡು ಮಹಡಿಯೆತ್ತರದ ಹಾಲು, ಗೋಡೆಯಿಲ್ಲದ ಅಡಿಗೆಮನೆ, ಮಲಗುವ ಕೋಣೆಗಳೆಲ್ಲ ಮೇಲೆ. ಉತ್ತರದ ಸಾಲಿನಲ್ಲಿ ಏಳನೇ ನಂಬರು, ಅದರ ಎದುರಿಗೆ ಹದಿನಾಲ್ಕನೇ ನಂಬರು, ಇವೆರಡು ಖಾಲಿ ಇದ್ದವು.

ಏಳನೇ ನಂಬರಿನ ಕೆಳಗಿನ ರೂಮಿಗೆ ಕಾಲಿಟ್ಟ ಜಗದಾಂಬಾ ಅಲ್ಲೇ ನಿಂತುಬಿಟ್ಟಳು. ಕಿಟಕಿ ರಸ್ತೆಗೇ ಇತ್ತು. ಬೆಳಗಿನ ಬಿಸಿಲು ನೆಲದ ಮೇಲೆ ಅರ್ಧ ರೂಮಿನವರೆಗೆ ಬಂದಿತ್ತು. ಚೀಲದಿಂದ ಟೇಪು ತೆಗೆದಳು. ಎಲ್ಲಿಗೆ ಹೋದರೂ ಟೇಪು ಅವಳ ಜೊತೆ ಬರುತ್ತಿತ್ತು. "ಮಲ್ಲೇಶ, ಆ ತುದಿ ಹಿಡ್ಕೊ" ಅಂದಳು. ಅವನು ಫೋನು ಜೇಬಿಗಿಟ್ಟು ಹಿಡಿದುಕೊಂಡ. ಕಿಟಕಿ ಐವತ್ತೆರಡು ಇಂಚು ಅಗಲ, ನಲವತ್ತೆಂಟು ಎತ್ತರ. ಮಿಷನ್ ಇಲ್ಲಿ, ಸ್ಟೂಲು ಇಲ್ಲಿ, ಬಟ್ಟೆ ಕತ್ತರಿಸುವ ಮಂಚ ಅಲ್ಲಿ. ಟ್ರಯಲ್ ನೋಡುವವರಿಗೆ ಬಚ್ಚಲಿನ ಬಾಗಿಲೇ ಮರೆ. ಅರವತ್ತೆರಡು ವರ್ಷಕ್ಕೆ ಮೊದಲ ಸಲ ಯಾರೋ ತನ್ನ ಅಳತೆಗೆ ಹೊಲಿದ ಹಾಗೆ ಕಂಡಿತು ಅವಳಿಗೆ ಆ ರೂಮು.

ಅಷ್ಟರಲ್ಲಿ ರಶ್ಮಿ ರಸ್ತೆ ದಾಟಿ ಹದಿನಾಲ್ಕನೇ ನಂಬರಿನ ಹಾಲಿನ ನಡುವೆ ನಿಂತು ತಲೆಯೆತ್ತಿ ಮೇಲೆ ನೋಡುತ್ತಿದ್ದಳು. ಅವಳು ಕೆಟ್ಟವಳೆಂದು ಹೇಳಿದರೆ ನಾಲಿಗೆ ಬಿದ್ದುಹೋಗುತ್ತದೆ. ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ, ಮೂಲೆ ಮೂಲೆಯಲ್ಲಿ ಊರವರ ರವಿಕೆಯ ಗಂಟುಗಳ ನಡುವೆ ಏಳು ವರ್ಷ ಸಂಸಾರ ಮಾಡಿದವಳು. ಅವಳಿಗೂ ಒಂದು ಹಾಲು ಬೇಕಿತ್ತು. ಆದರೆ ಬೇಕು ಎಂದು ನೇರವಾಗಿ ಹೇಳಲಿಲ್ಲ. "ಅತ್ತೆ, ಏಳನೇ ನಂಬರು ದಕ್ಷಿಣದ ಬಾಗಿಲು. ಯಮನ ದಿಕ್ಕು ಅಂತಾರೆ. ಅದಕ್ಕೇ ಯಾರೂ ತಗೊಂಡಿಲ್ವಂತೆ" ಅಂದಳು.

ಇಲ್ಲಿಯೇ ಜಗದಾಂಬಾ ಎಡವಿದ್ದು. ನನಗೆ ಆ ರೂಮು ಬೇಕು, ಸೈಟು ನನ್ನದು, ಎಂದು ಎರಡು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಜನ್ಮದಲ್ಲಿ ಅಂಥ ಮಾತು ಆಡಿ ಅಭ್ಯಾಸವಿಲ್ಲ. ಬಟ್ಟೆ ಅವರದು, ಮೈ ಅವರದು, ನಾವು ಯಾರು ಹೇಳೋಕೆ ಎಂದು ಮೂವತ್ತಾರು ವರ್ಷ ಗಿರಾಕಿಗಳೆದುರು ತಲೆಯಾಡಿಸಿದವಳು. ತನ್ನ ಪರವಾಗಿ ಇನ್ನೊಬ್ಬರು ಹೇಳಲಿ ಎಂದುಕೊಂಡು, "ಅಯ್ನೋರನ್ನ ಕೇಳೋಣ" ಅಂದಳು.

ಭದ್ರಾವತಿಯ ಹಳೇನಗರದ ಗಣಪಯ್ಯನವರು ಅವರ ಮನೆಗೆ ಹಿಂದಿನಿಂದಲೂ ಪಂಚಾಂಗ ನೋಡಿಕೊಡುವವರು. ಎಂಬತ್ತರ ಹತ್ತಿರದ ಜೀವ. ಯಾರ ಮುಖ ನೋಡಿಯೂ ಮಾತು ಬದಲಿಸುವವರಲ್ಲ, ಬದಲಿಸುವವರಾಗಿದ್ದರೆ ಚೆನ್ನಾಗಿತ್ತು. ಮನೆ ಯಾರ ಹೆಸರಿಗೆ ಆಗುತ್ತದೋ ಅವರ ಹೆಸರಿಗೆ ಬಾಗಿಲು ಕೂಡಿಬರಬೇಕು ಎನ್ನುವುದು ಅವರ ಲೆಕ್ಕ. ಬೆರಳಿನ ಗೆಣ್ಣು ಎಣಿಸಿ ಹೇಳಿದರು.

"ಜಗದಾಂಬಾ ಅಂದ್ರೆ ಉತ್ತರಾಷಾಢ, ಮಕರ ರಾಶಿ. ನಿಂಗೆ ದಕ್ಷಿಣದ ಬಾಗಿಲು ಬಹಳ ಚೆನ್ನಾಗಿ ಕೂಡಿಬರುತ್ತಮ್ಮ. ಯಮನ ದಿಕ್ಕು ಗಿಕ್ಕು ಅನ್ನೋರ ಮಾತು ಕೇಳ್ಬೇಡ. ಧೈರ್ಯವಾಗಿ ತಗೊ."

ಜಗದಾಂಬಾಗೆ ಅಯ್ನೋರ ಕಾಲಿಗೆ ಇನ್ನೊಂದು ಸಲ ಬೀಳಬೇಕೆನಿಸಿತು. ಸೊಸೆಯ ಮುಖವನ್ನು ಬೇಕೆಂದೇ ನೋಡಲಿಲ್ಲ. ಗೆದ್ದವರು ಸೋತವರ ಮುಖ ನೋಡಬಾರದು ಎಂಬಷ್ಟು ದೊಡ್ಡತನ ಅವಳಲ್ಲಿ ಆ ಹೊತ್ತಿನಲ್ಲಿ ಇತ್ತು.

ಆಗ ಮಲ್ಲೇಶ್ ಕೇಳಿದ. "ಅಯ್ನೋರೆ, ಎದುರುಗಡೇದು ಉತ್ತರದ ಬಾಗಿಲು. ಅದು ಹೇಗೆ?"

"ಅಮ್ಮನ ಹೆಸರಿಗೆ ಬೇಡ. ಆರೋಗ್ಯಕ್ಕೆ ಒಳ್ಳೇದಲ್ಲ."

"ನನ್ನ ಹೆಸರಿಗೆ?"

ಗಣಪಯ್ಯ ಮತ್ತೆ ಗೆಣ್ಣು ಎಣಿಸಿದರು. "ಮಲ್ಲೇಶ. ಮಖಾ ನಕ್ಷತ್ರ, ಸಿಂಹ. ನಿಂಗೆ ಉತ್ತರ ಎತ್ತಿ ಹಿಡಿಯುತ್ತೆ."

ಅಷ್ಟೇ. ಅವರು ಕೇಳಿದ್ದಕ್ಕೆ ಉತ್ತರ ಕೊಟ್ಟು ಎಲೆಯಡಿಕೆ ತಟ್ಟೆ ಎಳೆದುಕೊಂಡರು. ರಾತ್ರಿ ಊಟಕ್ಕೆ ಕೂತಾಗ ಮಲ್ಲೇಶ್ ಬಹಳ ಮೆತ್ತಗೆ, ತಾಯಿಯ ಮೇಲೆ ಪ್ರೀತಿ ಇರುವ ಮಗ ಮಾತಾಡುವ ಹಾಗೆಯೇ, ಶುರು ಮಾಡಿದ. ಹದಿನಾಲ್ಕನೇ ನಂಬರು ತಗೊಂಡು ತನ್ನ ಹೆಸರಿಗೆ ಮಾಡಿಸಿಕೊಂಡರೆ ಯಾರಿಗೂ ತೊಂದರೆಯಿಲ್ಲ ಅಂದ.

"ಏಳನೇದೇ ತಗೊಳ್ಳೋಣ ಅಂದ್ಕೊಂಡಿದ್ದೆ" ಅಂದಳು ಜಗದಾಂಬಾ.

ರಶ್ಮಿ ಅನ್ನ ಬಡಿಸುತ್ತ, "ಅದು ನಿಮ್ಮೊಬ್ಬರ ಹೆಸರಿಗೆ ಕೂಡಿಬರುತ್ತೆ ಅತ್ತೆ. ನಾವಿಬ್ರೂ ಅದೇ ಮನೇಲಿ ಬಾಳಬೇಕಲ್ವಾ?" ಅಂದಳು.

ಅಲ್ಲವೇ ಮತ್ತೆ. ಹದಿನಾಲ್ಕರಲ್ಲಿ ಅತ್ತೆಯೂ ಬಾಳಬೇಕಲ್ಲ ಎನ್ನುವುದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಜಗದಾಂಬಾಗೆ ಹೊಳೆಯಿತು, ಆದರೆ ಅವಳು ಸಾರಿನ ಪಾತ್ರೆ ಹತ್ತಿರ ಎಳೆದುಕೊಂಡಳು. ಮಗನ ಎದುರು ಕೂತು ನನ್ನ ಹೆಸರಿಗೇ ಮಾಡಿಸು ಎನ್ನುವುದು, ನಿನ್ನ ಮೇಲೆ ನಂಬಿಕೆಯಿಲ್ಲ ಎಂದಂತೆ. ಯಾವ ತಾಯಿ ಅಂದಾಳು? ಅದೂ ಅಲ್ಲದೆ ಮಲ್ಲೇಶ್ ಕೊನೆಗೆ ಹೀಗೆ ಹೇಳಿದ್ದ:

"ನಿನ್ನ ಹೆಸರಿಗೆ ಮಾಡ್ಸಿ, ನಾಳೆ ನಿಂಗೇನಾದ್ರೂ ಆದ್ರೆ ನನ್ನ ಗಂಟಲಲ್ಲಿ ಅನ್ನ ಇಳಿಯುತ್ತಾ ಅಮ್ಮ?"

ಈ ಮಾತಿಗೆ ಎದುರು ಮಾತು ಹೊಲಿಯುವ ದಾರ ಜಗತ್ತಿನಲ್ಲಿ ಎಲ್ಲೂ ಸಿಗುವುದಿಲ್ಲ. ಹದಿನೈದು ದಿನದಲ್ಲಿ ಹೊಸಮನೆಯ ಸೈಟು ಬೇರೆಯವರದಾಯಿತು. ಸೈಟು ಮಾರುವ ಪತ್ರಕ್ಕೆ ಜಗದಾಂಬಾಳ ಸಹಿ ಬೇಕಿತ್ತು, ಹಾಕಿದಳು. ಮನೆ ಕೊಳ್ಳುವ ಪತ್ರಕ್ಕೆ ಬೇಕಿರಲಿಲ್ಲ. ಆ ದಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಹೊರಗೆ ಬೆಂಚಿನ ಮೇಲೆ ಎಲ್ಲರ ಚಪ್ಪಲಿ, ಹೆಲ್ಮೆಟ್ಟು ಕಾದುಕೊಂಡು ಕೂತಿದ್ದಳು.

ಗೃಹಪ್ರವೇಶ ಚೆನ್ನಾಗಿಯೇ ಆಯಿತು. ಬಂದವರೆಲ್ಲ ಹಾಲಿನ ನಡುವೆ ನಿಂತು ತಲೆಯೆತ್ತಿ ನೋಡಿದರು. ಷೋರೂಮಿನವರು ಯಾರೋ ಕೇಳಿದಾಗ ಮಲ್ಲೇಶ್, "ಹೌದು ಸಾರ್, ನಮ್ಮದೇ. ಅಮ್ಮನೂ ನಮ್ಮ ಜೊತೇಲೇ ಇರ್ತಾರೆ" ಅಂದ. ಹೋಳಿಗೆ ಬಡಿಸುತ್ತಿದ್ದ ಜಗದಾಂಬಾ ಅದನ್ನು ಕೇಳಿಸಿಕೊಂಡಳು. ತಾನು ತುಳಿದು ತುಳಿದು ಮಾಡಿದ ಮನೆಯಲ್ಲಿ ತಾನು ಜೊತೆಯಲ್ಲಿ ಇರುವವಳು. ಅವನು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ ಎಂಬುದು ಅವಳಿಗೆ ಗೊತ್ತಿತ್ತು, ಅದಕ್ಕೇ ಇನ್ನೂ ಹೆಚ್ಚು ಉರಿಯಿತು.

ಮಲಗಲು ಮೇಲೆ ಹಿಂದಿನ ಕೋಣೆ ಕೊಟ್ಟರು. ಹದಿನೇಳು ಮೆಟ್ಟಿಲು. ಮಿಷನ್ ತುಳಿದ ಮೊಣಕಾಲು ಹತ್ತುವಾಗ ಒಂದು ಮಾತಾಡಿದರೆ ಇಳಿಯುವಾಗ ಇನ್ನೊಂದು ಆಡುತ್ತಿತ್ತು. ಮಿಷನ್ ಮೇಲೆ ಸಾಗಿಸಲು ಆಗದೆ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಗೋಡೆಗೆ ಮುಖ ಮಾಡಿ ಇಟ್ಟರು. ಹಗಲಲ್ಲೂ ಟ್ಯೂಬ್‌ಲೈಟು ಬೇಕು. ಎದ್ದು ನಿಂತರೆ ತಲೆ ಮೆಟ್ಟಿಲಿಗೆ ತಗಲುತ್ತಿತ್ತು. ಮನೆಗೆ ಯಾರಾದರೂ ಬರುವಂತಿದ್ದರೆ ರಶ್ಮಿ ಮೊದಲೇ ಅದರ ಮೇಲೊಂದು ಹೂವಿನ ಬೆಡ್‌ಶೀಟು ಹೊದಿಸುತ್ತಿದ್ದಳು. ಗಿರಾಕಿಗೆ ಕಾಣದ ಮಿಷನ್‌ಗೆ ಗಿರಾಕಿ ಎಲ್ಲಿಂದ ಬರಬೇಕು? ಆರು ತಿಂಗಳಲ್ಲಿ ಎರಡು ಸೀರೆಗೆ ಫಾಲ್ಸ್, ಅದೂ ರಶ್ಮಿಯದೇ.

ಏಳನೇ ನಂಬರಿಗೆ ತರೀಕೆರೆ ಕಡೆಯವರು ಬಂದರು. ಮಗ, ಸೊಸೆ, ತಾಯಿ ಪುಷ್ಪಮ್ಮ. ಆ ಕಿಟಕಿ ಬೆಳಿಗ್ಗೆ ಏಳಕ್ಕೆಲ್ಲ ತೆರೆದುಕೊಳ್ಳುತ್ತಿತ್ತು, ಪುಷ್ಪಮ್ಮ ಅದರ ಪಕ್ಕ ಕೂತು ಸೊಪ್ಪು ಬಿಡಿಸುತ್ತಿದ್ದಳು. ಜಗದಾಂಬಾ ಗೇಟಿನ ಮುಂದೆ ರಂಗೋಲಿ ಹಾಕುವಾಗ ಆ ಕಡೆ ನೋಡಬಾರದೆಂದುಕೊಂಡೇ ನೋಡುತ್ತಿದ್ದಳು. ಒಂದು ದಿನ ತಡೆಯಲಾಗದೆ ಕೇಳಿದಳು, "ದಕ್ಷಿಣದ ಬಾಗಿಲು ಅಂತ ನೀವು ಯೋಚ್ನೆ ಮಾಡ್ಲಿಲ್ವಾ?"

"ಅದು ಯಾವ ದಿಕ್ಕೋ ನಂಗೆ ಇವತ್ತಿಗೂ ಗೊತ್ತಿಲ್ಲ ಮಾರಾಯ್ತಿ" ಅಂದಳು ಪುಷ್ಪಮ್ಮ. "ನನ್ನ ಮಗ ನನ್ನ ಮೊಣಕಾಲು ನೋಡ್ದ. ಕೆಳಗೊಂದು ರೂಮಿದ್ಯಲ್ಲ, ಇದೇ ಸಾಕು ಅಂದ."

ಜಗದಾಂಬಾ ನಕ್ಕಳು. ಒಳಗೆ ಬಂದು ಮಿಷನ್ ಮೇಲಿನ ಹೂವಿನ ಬೆಡ್‌ಶೀಟು ಎಳೆದು ಮಡಿಸಿಟ್ಟಳು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ. ಪುಷ್ಪಮ್ಮನ ರೂಮಿನ ಮೇಲಲ್ಲ, ಪುಷ್ಪಮ್ಮನ ಮಗನ ಮೇಲೆ.

ಮರುವಾರ ಪುಷ್ಪಮ್ಮ ನೀಲಿ ಬಟ್ಟೆ ಹಿಡಿದುಕೊಂಡು ಬಂದಳು. ಮಧ್ಯಾಹ್ನ ಬಿಸಿಲು ಮುಖಕ್ಕೇ ಹೊಡೆಯುತ್ತದೆ, ಕಿಟಕಿಗೆ ಪರದೆ ಹೊಲಿದು ಕೊಡಬೇಕು ಅಂದಳು. "ಅಳತೆಗೆ ಯಾವಾಗ ಬರ್ತೀರಿ?" ಎಂದು ಕೇಳಿದಳು.

"ಬೇಡ, ಬಟ್ಟೆ ಇಟ್ಟು ಹೋಗಿ" ಅಂದಳು ಜಗದಾಂಬಾ.

ಸಂಜೆ ಮಲ್ಲೇಶ್ ಬಂದಾಗ ಅವಳು ಪರದೆಯ ಕೊನೆಯ ಅಂಚು ಮಡಿಸಿ ಹೊಲಿಯುತ್ತಿದ್ದಳು. ಅವನು ಶೂ ಬಿಚ್ಚುತ್ತ ಖುಷಿಯಿಂದಲೇ ಮಾತಾಡಿಸಿದ.

"ಪರ್ವಾಗಿಲ್ವೆ, ಇಲ್ಲೂ ಗಿರಾಕಿ ಸಿಕ್ಕಿದ್ರು. ಯಾರದಮ್ಮ?"

"ಎದುರು ಮನೆ ಕಿಟಕೀದು."

"ಅಳತೆ ತಗೊಳ್ಳೋಕೆ ಆ ಕಾಲಲ್ಲಿ ಅಲ್ಲಿಗೆ ಹೋಗಿದ್ಯಾ? ನಂಗೆ ಹೇಳಿದ್ರೆ ನಾನೇ ತಂದುಕೊಡ್ತಿದ್ದೆ."

ಜಗದಾಂಬಾ ಮಿಷನ್ ನಿಲ್ಲಿಸಿ ಹಲ್ಲಿನಿಂದ ದಾರ ಕಡಿದಳು.

"ಅಳತೆ ನನ್ನ ಹತ್ರ ಮೊದ್ಲೇ ಇತ್ತು ಮಲ್ಲೇಶ. ಟೇಪಿನ ಆ ತುದಿ ಹಿಡ್ಕೊಂಡಿದ್ದೋನು ನೀನೇ."