ತಪ್ಪಿದ್ದರೆ ಕ್ಷಮಿಸಿ

ತೊಂಬತ್ತರ ದಶಕದ ಕೊನೆ. ನಂಜನಗೂಡಿನ ಶಾಲೆಯಿಂದ ಟಿ. ನರಸೀಪುರಕ್ಕೆ ನನಗೆ ವರ್ಗವಾಗಿತ್ತು. ಸಾಮಾನು ಬಿಚ್ಚಿ ಮುಗಿದಿರಲಿಲ್ಲ, ನಂಜನಗೂಡು ಕೋರ್ಟಿನ ಸಮನ್ಸ್ ಬೆನ್ನಿಗೇ ಬಂತು. ಊರು ಬಿಡುವ ವಾರ ನಾನು ಮೊಪೆಡ್‌ನಲ್ಲಿ ಒನ್‌ವೇ ರಸ್ತೆಗೆ ಎದುರಿನಿಂದ ನುಗ್ಗಿದೆನಂತೆ. ಹೋದದ್ದು ನಿಜ. ಆದರೆ ಆ ಬೋರ್ಡು ನೆಟ್ಟದ್ದೇ ಹೊಸದಾಗಿ, ಅದರ ಮೇಲೆ ಯಾರದೋ ಮದುವೆಯ ಬ್ಯಾನರ್ ಬೇರೆ.

"ಬೋರ್ಡು ಎಲ್ಲಿದೆ ತೋರಿಸಪ್ಪ" ಎಂದು ಅಂದೇ ಪೇದೆಯನ್ನು ಕೇಳಿದ್ದೆ.

"ಬ್ಯಾನರ್ ಇಂದ್ಗಡೆ ಅದೆ ಕಣಮ್ಮ" ಎಂದು ಚೀಟಿ ಹರಿದಿದ್ದ.

ದಂಡದ ಚಿಂತೆ ನನಗಿರಲಿಲ್ಲ. ಮಕ್ಕಳ ಪುಸ್ತಕಕ್ಕೆ ಸರಿ ತಪ್ಪು ಹಾಕುವವಳು ನಾನು. ಮಾಡದ ತಪ್ಪನ್ನು ನನ್ನ ಹೆಸರಿಗೆ ಬರೆಯಬಾರದೆಂಬ ಹಟ. ಆದರೆ ರಜೆ ಹಾಕಿ, ಬಸ್ಸು ಕಾದು, ಕೋರ್ಟಿನ ಬೆಂಚಿನ ಮೇಲೆ ದಿನವಿಡೀ ಕೂರುವ ತ್ರಾಣವಿರಲಿಲ್ಲ. ಬರಲಾಗದವರು ರಿಜಿಸ್ಟರ್ ಅಂಚೆಯಲ್ಲಿ ಉತ್ತರ ಕಳಿಸಬಹುದೆಂದು ಸಮನ್ಸಿನ ಕೆಳಗಿತ್ತು. ಸದ್ಯ ಬದುಕಿದೆ ಎಂದುಕೊಂಡು ಬೋರ್ಡು, ಬ್ಯಾನರ್, ಪೇದೆಯ ಮಾತು ಎಲ್ಲವನ್ನೂ ಎರಡು ಪುಟ ಬರೆದು ಕಳಿಸಿದೆ.

ಎರಡು ತಿಂಗಳಿಗೆ ಆದೇಶ ಬಂತು. 'ಆರೋಪಿಯು ಪತ್ರದ ಮೂಲಕ ತಪ್ಪೊಪ್ಪಿಕೊಂಡು ಕ್ಷಮೆ ಕೋರಿರುವುದರಿಂದ' ದಂಡವಂತೆ. ಮೈಯೆಲ್ಲ ಉರಿದುಹೋಯಿತು. ಕಡೆಗೂ ರಜೆ ಹಾಕಿ, ಬಸ್ಸು ಕಾದು, ಹೋದೆ.

ಕೋರ್ಟಿನ ಗುಮಾಸ್ತರು ಕಡತ ತೆಗೆದು ನನ್ನ ಕಾಗದದ ಕೊನೆಗೆ ಬೆರಳಿಟ್ಟರು. "ನೀವೇ ಬರ್ದಿದೀರಲ್ಲ, ಟೀಚರಮ್ಮ."

'ತಪ್ಪಿದ್ದರೆ ಕ್ಷಮಿಸಿ. ಇಂತಿ ತಮ್ಮ ವಿಧೇಯಳು.'

"ಅದು ಕಾಗದ ಮುಗಿಸೋ ರೀತಿ ಕಣ್ರೀ. ನಮ್ಮಮ್ಮನಿಗೆ ಬರೆದರೂ ಹಾಗೇ ಬರೀತೀನಿ."

"ಅದು ಸಾಹೇಬ್ರಿಗೆ ಎಂಗ್ ಗೊತ್ತಾಯ್ತದೆ? ಬೇಕಾದ್ರೆ ಇನ್ನೊಂದ್ ಅರ್ಜಿ ಬರ್ಕೊಡಿ, ನೋಡವ."

ಹೊರಗಿನ ಬೆಂಚಿನ ಮೇಲೆ ಕೂತು ಮತ್ತೆ ಬರೆದೆ. ಈ ಸಲ ಸಿಟ್ಟಿನಿಂದಲೇ ಬರೆದೆ. ಕೊಡುವ ಮುಂಚೆ ಓದಿ ನೋಡಿದರೆ, ಕೊನೆಯಲ್ಲಿ ಅದೇ ಸಾಲು. ಪತ್ರಲೇಖನದಲ್ಲಿ ಅದನ್ನು ಬಿಟ್ಟ ಮಕ್ಕಳಿಗೆ ಇಪ್ಪತ್ತು ವರ್ಷ ಅರ್ಧ ಅಂಕ ಕಳೆದ ಕೈ, ನನ್ನನ್ನು ಕೇಳದೆಯೇ ಬರೆದಿತ್ತು.

ಹೊಡೆದುಹಾಕಿದೆ. ಮತ್ತೊಮ್ಮೆ ಓದಿದೆ. ಆ ಸಾಲಿಲ್ಲದ ಕಾಗದ ದೊಡ್ಡವರೆದುರು ಕಾಲ ಮೇಲೆ ಕಾಲು ಹಾಕಿ ಕೂತಂತೆ ಕಂಡಿತು. ನನಗೇ ನಾಚಿಕೆಯಾಯಿತು. ಸಾಕಾಗಿಹೋಗಿತ್ತು.

ಕಾಗದ ಮಡಚಿ ಬ್ಯಾಗಿಗೆ ಹಾಕಿಕೊಂಡೆ. ದಂಡ ಕಟ್ಟಿ, ತಪ್ಪು ಮಾಡಿದವಳಾಗಿ ನರಸೀಪುರದ ಬಸ್ಸು ಹತ್ತಿದೆ.